ಗೀರಿಗಿಷ್ಟು, ತುಕ್ಕಿಗಿಷ್ಟು

ಮನುಷ್ಯನಿಗೆ ಇರುವುದು ಎರಡೇ ಕೈ. ಗಿಟಾರ್ ನುಡಿಸುವುದಕ್ಕೆ ಎರಡೂ ಬೇಕು. ಅಂದಮೇಲೆ ಒಬ್ಬ ಮನುಷ್ಯ ಒಂದು ಹೊತ್ತಿಗೆ ನುಡಿಸಬಹುದಾದದ್ದು ಒಂದೇ ಒಂದು ಗಿಟಾರ್. ಇಷ್ಟು ಲೆಕ್ಕ ನನಗೂ ಬರುತ್ತದೆ, ನಿಮಗೂ ಬರುತ್ತದೆ. ರಾಕ್ ಸಂಗೀತಗಾರರಿಗೆ ಮಾತ್ರ ಬರುವುದಿಲ್ಲ. ಚೀಪ್ ಟ್ರಿಕ್ ತಂಡದ ರಿಕ್ ನೀಲ್ಸನ್ ಎಂಬಾತ ಒಂದೇ ಒಡಲಿಗೆ ಐದು ಕತ್ತುಗಳಿರುವ ಗಿಟಾರ್ ಮಾಡಿಸಿ, ಹೆಗಲಿಗೇರಿಸಿಕೊಂಡು ವೇದಿಕೆ ಮೇಲೆ ಕುಣಿದದ್ದುಂಟು. ಕತ್ತು ಐದಾದರೂ ಕೈ ಎರಡೇ ಉಳಿದವು. ರಾವಣನಿಗಾದರೆ ತಲೆಗೆ ಸರಿಯಾಗಿ ತೋಳುಗಳನ್ನೂ ಕೊಟ್ಟಿದ್ದರು. ಈತನಿಗೆ ಆ ಅನುಕೂಲ ಇರಲಿಲ್ಲ.

2024ರ ಜನವರಿ 31ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಒಂದು ಹರಾಜು ನಡೆಸಿತು. ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ತಮ್ಮ ಸಂಗ್ರಹದಿಂದ 120ಕ್ಕೂ ಹೆಚ್ಚು ಗಿಟಾರು, ಆಂಪ್ಲಿಫೈಯರ್‌ಗಳನ್ನು ಮಾರಾಟಕ್ಕಿಟ್ಟಿದ್ದರು. ಪಾಪ, ಮನೆ ಖಾಲಿ ಮಾಡಿಕೊಂಡರು ಅಂತ ಮರುಗಬೇಡಿ. ಕರುಳಿಗಂಟಿದ ಕೆಲವನ್ನು ಒಳಗೇ ಉಳಿಸಿಕೊಂಡು ಮಿಕ್ಕಿದ್ದನ್ನಷ್ಟೇ ಹೊರಗೆ ಕಳಿಸಿದ್ದು. ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ಮಿನ ಮುಖಪುಟದಲ್ಲಿ ಆಕಾಶದಲ್ಲಿ ತೇಲುವಂತೆ ಕಾಣುವ 1937ರ ಲೋಹದ ನ್ಯಾಷನಲ್ ಗಿಟಾರ್ ಇದೆಯಲ್ಲ, ಅದು ಕದಲಲಿಲ್ಲ. ಹೋದಷ್ಟರಿಂದಲೇ 88 ಲಕ್ಷ ಪೌಂಡ್ ಎದ್ದಿತು. ನಮ್ಮ ಲೆಕ್ಕದಲ್ಲಿ ತೊಂಬತ್ತು ಕೋಟಿ ರೂಪಾಯಿಗೂ ಮೇಲೆ. ಸುತ್ತಿಗೆ ಬಡಿದ ಬೆಲೆಯಲ್ಲಿ ಕಾಲು ಭಾಗವನ್ನು ರೆಡ್ ಕ್ರಾಸ್ ಮೊದಲಾದ ದಾನಸಂಸ್ಥೆಗಳಿಗೆ ಕೊಟ್ಟರು ಎನ್ನುವುದನ್ನೂ ಹೇಳಿಬಿಡಬೇಕು. ಚುಡಾಯಿಸುವವನಿಗೂ ಒಂದು ನ್ಯಾಯ ಇರಬೇಕಲ್ಲ.

ಈ ನಾಫ್ಲರ್ 2005ರಲ್ಲಿ ಬೆಂಗಳೂರಿಗೂ ಬಂದು ಅರಮನೆ ಮೈದಾನದಲ್ಲಿ ನುಡಿಸಿ ಹೋದವರು. ಗಿಟಾರಿನವರಲ್ಲಿ ಹೆಚ್ಚಿನವರು ಬೆರಳ ಸಂದಿಯಲ್ಲಿ ಪ್ಲಾಸ್ಟಿಕ್ ಚೂರು ಹಿಡಿದು ತಂತಿ ಮೀಟಿದರೆ ಇವರು ಬರಿ ಬೆರಳಲ್ಲೇ ಮೀಟುತ್ತಾರೆ. ಹುಟ್ಟಾ ಎಡಚರು, ನುಡಿಸುವುದು ಮಾತ್ರ ಬಲಚರಂತೆ. ಅಪ್ಪ ಹಂಗೆರಿಯಿಂದ ಬ್ರಿಟನ್ನಿಗೆ ಓಡಿಬಂದ ವಾಸ್ತುಶಿಲ್ಪಿ. ನ್ಯೂಕಾಸಲ್ಲಿನಲ್ಲಿ ಬೆಳೆಯುತ್ತಿದ್ದ ಹುಡುಗನಿಗೆ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ಕೈಯಲ್ಲಿದ್ದ ಕೆಂಪು ಫೆಂಡರ್ ಸ್ಟ್ರಾಟೋಕಾಸ್ಟರಿನ ಹುಚ್ಚು ಹತ್ತಿತು. ಅದರ ಬೆಲೆ ಅಪ್ಪನ ಜೇಬಿಗೆ ನಿಲುಕುವಂಥದ್ದಲ್ಲ. ಅಪ್ಪ 50 ಪೌಂಡ್ ಕೊಟ್ಟು ಹೋಫ್ನರ್ ಕಂಪನಿಯ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದರು. ಫೆಂಡರ್ ಅಲ್ಲದಿದ್ದರೆ ಏನಂತೆ, ಕೆಂಪಗಿತ್ತು! ಹುಡುಗನಿಗೆ ಅಷ್ಟೇ ಸಾಕಾಗಿತ್ತು.

ಎಲೆಕ್ಟ್ರಿಕ್ ಗಿಟಾರಿನ ತೊಂದರೆ ಏನೆಂದರೆ ಅದರ ಒಡಲು ಗಟ್ಟಿ ಹಲಗೆ, ಒಳಗೆ ಪೊಳ್ಳಿಲ್ಲ. ತಂತಿ ಮೀಟಿದರೆ ಪಕ್ಕದ ಕುರ್ಚಿಯವನಿಗೂ ಕೇಳಿಸದು. ತಂತಿಯ ಕೆಳಗೆ ಆಯಸ್ಕಾಂತಕ್ಕೆ ಸಾವಿರಾರು ಸುತ್ತು ತಾಮ್ರದೆಳೆ ಸುತ್ತಿಟ್ಟಿರುತ್ತಾರೆ. ಅದೇ ಪಿಕಪ್. ಉಕ್ಕಿನ ತಂತಿ ನಡುಗಿದಾಗ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವುದಕ್ಕೆ ಆಂಪ್ಲಿಫೈಯರ್ ಬೇಕು. ಗಿಟಾರನ್ನೇ ಕಷ್ಟಪಟ್ಟು ಕೊಡಿಸಿದ ಅಪ್ಪನ ಮುಂದೆ ನಿಂತು ‘ಅಪ್ಪಾ, ಇನ್ನೊಂದು ಪೆಟ್ಟಿಗೆಯೂ ಬೇಕು’ ಅನ್ನುವ ಧೈರ್ಯ ಯಾರಿಗಿರುತ್ತದೆ? ನಾಫ್ಲರ್ ಗಿಟಾರಿನ ವೈರನ್ನು ಮನೆಯ ರೇಡಿಯೋಗೆ ಸಿಕ್ಕಿಸಿದರು. ರೇಡಿಯೋ ಸುಟ್ಟು ಹೋಯಿತು. ಆ ಹೋಫ್ನರಿನ ಬೆಲೆ 50 ಪೌಂಡೇ, ರೇಡಿಯೋ ಸೇರಿಸಿಯೇ ಅನ್ನುವುದನ್ನು ಅಪ್ಪನೇ ಹೇಳಬೇಕಿತ್ತು.

ಇನ್ನು ಹರಾಜಿನ ತಮಾಷೆಗೆ ಬರೋಣ. ಅವತ್ತು 1983ರ ಗಿಬ್ಸನ್ ಲೆಸ್ ಪಾಲ್ ಗಿಟಾರೊಂದು ಹರಾಜಿಗೆ ಬಂತು. ‘ಮನಿ ಫಾರ್ ನಥಿಂಗ್’ ಹಾಡಿನ ಧ್ವನಿಮುದ್ರಣದಲ್ಲಿ ನುಡಿದದ್ದು, 1985ರ ಲೈವ್ ಏಡ್ ಕಾರ್ಯಕ್ರಮದಲ್ಲಿ ವೆಂಬ್ಲಿ ವೇದಿಕೆ ಕಂಡದ್ದು. ಹತ್ತರಿಂದ ಹದಿನೈದು ಸಾವಿರ ಪೌಂಡ್ ಬರಬಹುದು ಅಂತ ಕ್ರಿಸ್ಟೀಸ್‌ನವರು ಅಂದಾಜು ಕಟ್ಟಿದ್ದರು. ಹೋದದ್ದು 5,92,200 ಪೌಂಡಿಗೆ. ಆರು ಕೋಟಿ ರೂಪಾಯಿ ದಾಟಿತು ಸ್ವಾಮಿ.

ಆ ಹಾಡು ಹುಟ್ಟಿದ ಕಥೆ ಗೊತ್ತಿದ್ದರೆ ಈ ಆರು ಕೋಟಿ ಇನ್ನೂ ರುಚಿಸುತ್ತದೆ. ನಾಫ್ಲರ್ ನ್ಯೂಯಾರ್ಕಿನ ಒಂದು ಗೃಹೋಪಯೋಗಿ ಸಾಮಾನಿನ ಅಂಗಡಿಗೆ ಹೋಗಿದ್ದರು. ಹಿಂದಿನ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಎಂಟಿವಿ. ಫ್ರಿಜ್ಜು, ಒಲೆ ಹೊರುವ ಅಂಗಡಿಯಾಳೊಬ್ಬ ಅದನ್ನು ನೋಡುತ್ತ ನಿಂತು, ‘ಇವರಿಗೆಲ್ಲ ಪುಗಸಟ್ಟೆ ದುಡ್ಡು’ ಎಂಬ ಧಾಟಿಯಲ್ಲಿ ಪಾಪ್ ತಾರೆಯರಿಗೆಲ್ಲ ಮಂಗಳಾರತಿ ಎತ್ತುತ್ತಿದ್ದ. ನಾಫ್ಲರ್ ಪೆನ್ನು ಕಾಗದ ಇಸಿದುಕೊಂಡು, ಅಂಗಡಿ ಕಿಟಕಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅಡುಗೆಮನೆಯಲ್ಲೇ ಕೂತು ಅವನ ಮಾತುಗಳನ್ನು ಬರೆದುಕೊಂಡರು. ಹಾಡು ಲೋಕ ಸುತ್ತಿತು. ಅದನ್ನು ನುಡಿಸಿದ ಹಲಗೆಯೂ ಹರಾಜಿನಲ್ಲಿ ಹೋದ ಬೆಲೆ ನೋಡಿದರೆ ಆ ಹಮಾಲಿಯ ಗೊಣಗಾಟದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಅನ್ನಬೇಕು.

ಆ ಹಾಡಿನ ಗಿಟಾರಿನ ದನಿಯೂ ಹಾಗೇ ಪುಗಸಟ್ಟೆ ಸಿಕ್ಕಿದ್ದು. ಮಾಂಟ್‌ಸೆರಾಟ್ ದ್ವೀಪದ ಸ್ಟುಡಿಯೋದಲ್ಲಿ ಮೈಕುಗಳನ್ನು ಆಂಪ್ಲಿಫೈಯರ್ ಮುಂದೆ ಇನ್ನೂ ಸರಿಯಾಗಿ ನಿಲ್ಲಿಸಿರಲಿಲ್ಲವಂತೆ. ಒಂದು ನೆಲ ನೋಡುತ್ತಿತ್ತು, ಇನ್ನೊಂದು ಎತ್ತಲೋ ಮುಖ ಮಾಡಿತ್ತು. ಸರಿಪಡಿಸಲು ಹೊರಡುವಷ್ಟರಲ್ಲಿ ಒಳಗೆ ಕೇಳಿದ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ಯಾರೂ ಏನನ್ನೂ ಮುಟ್ಟದೆ ಹಾಗೇ ಮುದ್ರಿಸಿಕೊಂಡರು. ಆಮೇಲೆ ಅದೇ ದನಿಯನ್ನು ಮತ್ತೆ ತರಲು ಹೋದರೆ ಬರಲಿಲ್ಲ. ಹರಾಜಿನಲ್ಲಿ ಗಿಟಾರ್ ಕೊಂಡವರಿಗೆ ನೆಲ ನೋಡುವ ಮೈಕನ್ನು ಜೊತೆಗೆ ಕೊಟ್ಟರೋ ಇಲ್ಲವೋ.

ಇದಕ್ಕಿಂತ ಮಜಾ ಇನ್ನೊಂದಿದೆ. ಆ 1983ರ ಗಿಟಾರ್ ಅಸಲಿಯೇ ಅಲ್ಲ. ಗಿಬ್ಸನ್ ಕಂಪನಿ ತನ್ನದೇ 1959ರ ಮಾದರಿಯನ್ನು ನೋಡಿ ಮಾಡಿದ ನಕಲು. ಅದೇ ಹರಾಜಿನಲ್ಲಿ ನಾಫ್ಲರ್ ಅವರ ಅಪ್ಪಟ 1959ರ ಲೆಸ್ ಪಾಲ್ ಕೂಡ ಇತ್ತು. ಅದು 6,93,000 ಪೌಂಡಿಗೆ ಹೋಯಿತು. ಅಸಲಿಗೂ ನಕಲಿಗೂ ನಡುವೆ ಉಳಿದದ್ದು ಒಂದು ಲಕ್ಷ ಪೌಂಡಿನ ಅಂತರ.

ಅಸಲಿಯ ಜಾತಕವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಮಿಷಿಗನ್ನಿನ ಕಲಾಮಜೂ ಊರಿನ ಕಾರ್ಖಾನೆಯಲ್ಲಿ ಗಿಬ್ಸನ್‌ನವರು 1958ರಿಂದ 1960ರ ತನಕ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಗಿಟಾರ್ ಮಾಡಿದರು. ಅಂಚಿನಲ್ಲಿ ಕೆಂಪು, ನಡುವಿಗೆ ಬರುತ್ತಾ ಹಳದಿ. ಆಗ ಬೆಲೆ 300 ಡಾಲರಿನೊಳಗೆ. ಜನ ಮೂಸಿ ನೋಡಲಿಲ್ಲ. ಭಾರ ಜಾಸ್ತಿ, ಹಳೇ ಕಾಲದ ಆಕಾರ ಅಂತ ಮೂಗು ಮುರಿದರು. ಕಂಪನಿ ಬೇಸತ್ತು ಮಾಡುವುದನ್ನೇ ನಿಲ್ಲಿಸಿತು. ಆಮೇಲೆ ಎರಿಕ್ ಕ್ಲ್ಯಾಪ್ಟನ್ ಅಂಥದ್ದೊಂದನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ 1966ರಲ್ಲಿ ಜಾನ್ ಮಯಾಲ್ ಜೊತೆ ಒಂದು ಆಲ್ಬಮ್ ಮಾಡಿದ್ದೇ ಮಾಡಿದ್ದು, ಇಂಗ್ಲೆಂಡಿನ ಹುಡುಗರೆಲ್ಲ ‘ಅದೇ ಬೇಕು’ ಅಂತ ಹಟ ಹಿಡಿದರು. ಅದು ಅಂಗಡಿಯಲ್ಲಿ ಇಲ್ಲ! ಕ್ಲ್ಯಾಪ್ಟನ್ ಕೈಯಲ್ಲೂ ಉಳಿಯಲಿಲ್ಲ, ಅದೇ ವರ್ಷ ಕಳುವಾಯಿತು. ಗಿಬ್ಸನ್ ಎಚ್ಚೆತ್ತು 1968ರಲ್ಲಿ ಲೆಸ್ ಪಾಲ್ ಮತ್ತೆ ಶುರು ಮಾಡುವ ಹೊತ್ತಿಗೆ ಹಳೆಯವು ದೇವರ ಕೋಣೆ ಸೇರಿಯಾಗಿತ್ತು.

ಈ ದೇವರುಗಳ ಮಹಿಮೆ ಒಂದೆರಡಲ್ಲ. ಅಂಚಿಗೆ ಬಳಿದಿದ್ದ ಕೆಂಪು ಬಣ್ಣ ಬಿಸಿಲು ತಾಗಿದರೆ ಹಾರಿಹೋಗುತ್ತಿತ್ತು. ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಗಿಟಾರು ಕೆಲವೇ ಕಾಲದಲ್ಲಿ ಪೂರಾ ಹಳದಿ. ಮದುವೆಗೆ ಕೊಂಡ ರೇಷ್ಮೆ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ ನಮ್ಮ ಹೆಂಗಸರು ಚಿಕ್ಕಪೇಟೆಯ ಅಂಗಡಿಯ ಮೆಟ್ಟಿಲ ಮೇಲೆ ಎಂಥ ಜಗಳ ತೆಗೆಯುತ್ತಾರೆ! ಗಿಟಾರಿನವರು ಬಣ್ಣ ಬಿಟ್ಟಿದ್ದಕ್ಕೇ ‘ಲೆಮನ್ ಡ್ರಾಪ್’ ಅಂತ ಮುದ್ದಿನ ಹೆಸರಿಟ್ಟು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಗಿಬ್ಸನ್‌ನವರು 1960ರಲ್ಲಿ ಹಾರದ ಬಣ್ಣ ಕಂಡುಹಿಡಿದು ತಪ್ಪು ತಿದ್ದಿಕೊಂಡರು. ಬಣ್ಣ ಹಾರದ ಅವನ್ನು ನೋಡಿ ‘ಚೆನ್ನಾಗಿದೆ, ಆದರೆ...’ ಅಂತ ರಾಗ ಎಳೆಯುವವರೂ ಇದ್ದಾರೆ.

ಪಿಕಪ್ಪಿನ ಕಥೆಯೂ ಇದೇ ಜಾಡಿನದು. ಗಿಬ್ಸನ್‌ನ ಸೆತ್ ಲವರ್ ಎಂಬ ಎಂಜಿನಿಯರ್ ಗುಂಯ್‌ಗುಡುವ ಸದ್ದನ್ನು ಅಡಗಿಸುವ ಜೋಡಿ ಸುರುಳಿಯ ಪಿಕಪ್ ಮಾಡಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅರ್ಜಿ ಹಾಕಿದೆ ಎಂದು ತಿಳಿಸುವ ಪುಟ್ಟ ಕರಿ ಚೀಟಿಯೊಂದನ್ನು ಪಿಕಪ್ಪಿನ ತಳಕ್ಕೆ ಅಂಟಿಸುತ್ತಿದ್ದರು. 1959ರಲ್ಲಿ ಪೇಟೆಂಟು ಬಂತು, ಚೀಟಿ ಬದಲಾಗಲಿಲ್ಲ. ಇನ್ನೂ ಕೆಲವು ವರ್ಷ ಅದೇ ಚೀಟಿ. ಕೊನೆಗೆ ನಂಬರು ಹಾಕಿದ ಹೊಸ ಚೀಟಿ ಬಂದಾಗ ಅದರಲ್ಲಿದ್ದದ್ದು ಬೇರೆ ಯಾವುದೋ ಪೇಟೆಂಟಿನ ನಂಬರು, ತಂತಿಯ ಬಾಲ ಕಟ್ಟುವ ಲೋಹದ ಬಿಡಿಭಾಗದ್ದು! ನಕಲು ಮಾಡುವವರ ದಾರಿ ತಪ್ಪಿಸಲು ಬೇಕೆಂದೇ ಮಾಡಿದ್ದು ಅಂತ ಕೆಲವರ ವಾದ. ನಮ್ಮ ಸರ್ಕಾರಿ ಕಚೇರಿಗಳನ್ನು ಕಂಡವರಿಗೆ ಇಷ್ಟು ದೊಡ್ಡ ಒಳಸಂಚಿನ ಅಗತ್ಯ ಕಾಣುವುದಿಲ್ಲ. ಆ ಸುರುಳಿಗಳನ್ನು ಸುತ್ತುವ ಯಂತ್ರಕ್ಕೆ ನೆಟ್ಟಗೆ ಲೆಕ್ಕವಿಡುವ ವ್ಯವಸ್ಥೆಯೂ ಇರಲಿಲ್ಲ. ಸಾಕು ಅನ್ನಿಸಿದಾಗ ನಿಲ್ಲಿಸುತ್ತಿದ್ದರು. ಒಂದರಲ್ಲಿ ಸುತ್ತು ಹೆಚ್ಚು, ಒಂದರಲ್ಲಿ ಕಮ್ಮಿ. ಇವತ್ತು ಗಣಕಯಂತ್ರ ಇಟ್ಟುಕೊಂಡು ಆ ಹೆಚ್ಚುಕಮ್ಮಿಯನ್ನು ಕರಾರುವಾಕ್ಕಾಗಿ ಅನುಕರಿಸುತ್ತಾರೆ.

ಪೀಟರ್ ಗ್ರೀನ್ ಎಂಬ ಗಿಟಾರ್ ವಾದಕರ 1959ರ ಲೆಸ್ ಪಾಲ್‌ನಲ್ಲಂತೂ ಒಂದು ಪಿಕಪ್ಪಿನ ಆಯಸ್ಕಾಂತವೇ ತಿರುಗಮುರುಗ. ಎರಡು ಪಿಕಪ್ಪನ್ನೂ ಒಟ್ಟಿಗೆ ಹಚ್ಚಿದರೆ ಮೂಗಿನಿಂದ ಹಾಡಿದಂಥ ಟೊಳ್ಳು ದನಿ. ಅದೇ ಅದರ ಕೀರ್ತಿ. ಗ್ರೀನ್ ಅದನ್ನು ಗ್ಯಾರಿ ಮೂರ್ ಎಂಬ ಹುಡುಗನಿಗೆ ಕೊಂಡ ಬೆಲೆಗೇ, ನೂರಿಪ್ಪತ್ತು ಪೌಂಡಿನ ಆಸುಪಾಸಿನಲ್ಲಿ, ಕೊಟ್ಟುಬಿಟ್ಟರು. ‘ನಿನ್ನ ಹಳೇ ಗಿಟಾರ್ ಮಾರಿ ಎಷ್ಟು ಬರುತ್ತದೋ ಅಷ್ಟು ಕೊಡು’ ಎಂಬಂಥ ವ್ಯಾಪಾರ. ಈಗ ಅದು ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಬಳಿ ಇದೆ. 2011ರಲ್ಲಿ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ನೋಡಿದೆವಲ್ಲ ಅಂತ ಜಂಬ ಕೊಚ್ಚುವ ಮೊದಲು ತಿಳಿದುಕೊಳ್ಳಿ: ಆಗಿನ್ನೂ ಅದು ಅವರ ಕೈ ಸೇರಿರಲಿಲ್ಲ.

ಇತ್ತ ಫೆಂಡರ್ ಪಂಥದವರ ಮಡಿಯೇ ಬೇರೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ, ಕೊನೆವರೆಗೂ ಬರಲಿಲ್ಲ. ಒಡಲಿಗೆ ಕತ್ತನ್ನು ಅಂಟಿಸುವ ಗೋಜಿಗೆ ಹೋಗದೆ ನಾಲ್ಕು ಸ್ಕ್ರೂ ಬಿಗಿದು ಮುಗಿಸಿದ ಪುಣ್ಯಾತ್ಮ. 1950ರಲ್ಲಿ ‘ಬ್ರಾಡ್‌ಕಾಸ್ಟರ್’ ಅಂತ ಒಂದು ಗಿಟಾರ್ ತಂದರು. ಡ್ರಮ್ಮಿಗೆ ಅದೇ ಉಚ್ಚಾರದ ಹೆಸರು ಇಟ್ಟುಕೊಂಡಿದ್ದ ಗ್ರೆಚ್ ಕಂಪನಿ ಆಕ್ಷೇಪಿಸಿತು. ಫೆಂಡರ್‌ನವರು ಅಚ್ಚಾಗಿದ್ದ ಸ್ಟಿಕ್ಕರುಗಳನ್ನು ಎಸೆಯಲಾದೀತೇ ಎಂದು ಆ ಹೆಸರಿದ್ದ ತುಂಡನ್ನಷ್ಟೇ ಕತ್ತರಿಸಿ, ಬರೀ ‘ಫೆಂಡರ್’ ಉಳಿಸಿ ಅಂಟಿಸುತ್ತಾ ಹೋದರು. 1951ರಲ್ಲಿ ಟೆಲಿಕಾಸ್ಟರ್ ಅನ್ನುವ ಹೆಸರು ಸಿಗುವ ತನಕ ಹುಟ್ಟಿದ ಆ ನಾಮಕರಣವಾಗದ ಕೂಸುಗಳನ್ನು ಸಂಗ್ರಾಹಕರು ‘ನೋಕಾಸ್ಟರ್’ ಅನ್ನುತ್ತಾರೆ. ಹೆಸರಿಲ್ಲದ್ದಕ್ಕೇ ಬೆಲೆ ಜಾಸ್ತಿ.

1965ರ ಜನವರಿಯಲ್ಲಿ ಲಿಯೋ ತಮ್ಮ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದರು. ಅಲ್ಲಿಗೆ ಗಿಟಾರು ಜಗತ್ತಿನಲ್ಲಿ ಯುಗ ಬದಲಾಯಿತು. ‘ಸಿಬಿಎಸ್ಸಿಗೆ ಮುಂಚಿನದಾ, ನಂತರದ್ದಾ?’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಯಾವ ಹಳೇ ಫೆಂಡರೂ ಪಂಕ್ತಿಯಲ್ಲಿ ಕೂರುವಂತಿಲ್ಲ. ಅದೇ ಬಾಗಿಲು, ಅದೇ ಯಂತ್ರ, ಹೆಚ್ಚುಕಡಿಮೆ ಅದೇ ಕೆಲಸಗಾರರು. ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಕೆಲಸಕ್ಕೆ ಸೇರಿದವರು. ಕಂಪನಿ ಕೈಬದಲಾದರೂ ಆಕೆ ಪಿಕಪ್ ಸುತ್ತುತ್ತಲೇ ಇದ್ದರು. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಆಕೆಯ ರುಜು ಇರುವ ಪಿಕಪ್ಪಿಗೆ ಭಕ್ತರು ಕ್ಯೂ ನಿಲ್ಲುತ್ತಿದ್ದರು.

ಇಷ್ಟೆಲ್ಲ ಪುರಾಣ ನನಗೆ ಹೇಗೆ ಗೊತ್ತು ಅಂತ ಕೇಳುತ್ತೀರಿ. ನನಗೊಬ್ಬ ಸೋದರಳಿಯ ಇದ್ದಾನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಂಬಳದ ದಿನ ಇಎಂಐ, ಬಾಡಿಗೆ ಕಳೆದು ಉಳಿದದ್ದೆಲ್ಲ ಪೆಡಲಿಗೆ. ಪೆಡಲ್ ಅಂದರೆ ಕಾಲಲ್ಲಿ ಒತ್ತುವ ಸಣ್ಣ ಲೋಹದ ಡಬ್ಬಿ. ಗಿಟಾರಿಗೂ ಆಂಪ್ಲಿಫೈಯರಿಗೂ ಮಧ್ಯೆ ಇಟ್ಟರೆ ದನಿ ಒರಟಾಗುತ್ತದೆ, ಪ್ರತಿಧ್ವನಿಸುತ್ತದೆ, ಅಲೆಯಾಡುತ್ತದೆ. ನಮ್ಮಕ್ಕ ಒಂದು ಭಾನುವಾರ ಅವನ ಕೋಣೆ ಗುಡಿಸಲು ಹೋಗಿ ತಲೆ ಮೇಲೆ ಕೈಹೊತ್ತು ಬಂದಳು.

“ಗಿಟಾರ್ ಒಂದೇ ಅಲ್ವೇನೋ? ಇಷ್ಟೊಂದು ಡಬ್ಬಿ ಯಾಕೆ?”

“ಅಮ್ಮಾ, ಅದು ಟೋನ್‌ಗೆ.”

“ಯಾರದ್ದೋ ಅದು ಟೋನು?”

ಅವನು ನನ್ನ ಕಡೆ ತಿರುಗಿದ. “ಮಾವ, ನೀವಾದ್ರೂ ಹೇಳಿ. ಇದು ಸಿಕ್ಕಿದ್ದೇ ಪುಣ್ಯ. ಜರ್ಮೇನಿಯಂ ಟ್ರಾನ್ಸಿಸ್ಟರ್. ಸೆಖೆ ಜಾಸ್ತಿಯಾದ್ರೆ ಸೌಂಡ್ ಬೇರೆ, ತಂಪಾಗಿದ್ರೆ ಬೇರೆ.”

“ಅಂದ್ರೆ ಕೆಟ್ಟಿದೆ ಅನ್ನು” ಅಂದಳು ಅಕ್ಕ.

“ಇಲ್ಲಮ್ಮ, ಅದಕ್ಕೇ ಕಾಸು!”

ಅವನು ಹೇಳಿದ್ದು ಸುಳ್ಳಲ್ಲ. 1966ರ ಸುಮಾರಿಗೆ ಬಂದ ದುಂಡನೆಯ ಫಜ್ ಫೇಸ್ ಪೆಡಲುಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತಿತ್ತು, ಅದಕ್ಕೆ ಹವಾಮಾನದ ಖಯಾಲಿಯೂ ಇತ್ತು. ಅಂಥ ಒಂದಿಷ್ಟನ್ನು ತಂದು, ನುಡಿಸಿ ನೋಡಿ, ಕಿವಿಗೆ ಹಿತವಾದ ಒಂದನ್ನು ಇಟ್ಟುಕೊಳ್ಳುವುದೇ ಆಗಿನ ಪದ್ಧತಿ. ಕ್ಲಾನ್ ಸೆಂಟಾರ್ ಎಂಬ ಇನ್ನೊಂದು ಡಬ್ಬಿ ಇದೆ. ಮ್ಯಾಸಚೂಸೆಟ್ಸಿನ ಬಿಲ್ ಫಿನಿಗನ್ 1994ರಿಂದ ಕೈಯಾರೆ ಮಾಡಿದ್ದು ಸುಮಾರು 8,000. ಒಳಗೆ ಏನಿದೆ ಅಂತ ಯಾರೂ ಇಣುಕಬಾರದೆಂದು ಕರಿ ಅಂಟು ಸುರಿದಿದ್ದರು. ಈಗ ಒಂದೊಂದೂ ಸಾವಿರಾರು ಡಾಲರು. ಜನ ಹುಚ್ಚು ಕಟ್ಟಿಕೊಂಡದ್ದು ನೋಡಿ ನಾಚಿಕೆಯಾಯಿತೋ ಏನೋ, ಮುಂದೆ ಮಾಡಿದ ಅಗ್ಗದ ಮಾದರಿಯ ಮೈಮೇಲೆ, ಈ ಹುಯಿಲಿಗೆ ತಾನು ಹೊಣೆಯಲ್ಲ ಎಂಬರ್ಥದ ಸಾಲನ್ನು ಅವರೇ ಅಚ್ಚು ಹಾಕಿಸಿಬಿಟ್ಟರು.

ಅಳಿಯನ ಆಂಪ್ಲಿಫೈಯರಿನಲ್ಲಿ ಗಾಜಿನ ವಾಲ್ವ್‌ಗಳಿವೆ. ನಮ್ಮ ಹಳೇ ರೇಡಿಯೋದಲ್ಲಿ ಕೆಂಪಗೆ ಮಿಣುಕುತ್ತಿದ್ದವಲ್ಲ, ಅವೇ. ಪ್ರಪಂಚ ಟ್ರಾನ್ಸಿಸ್ಟರಿಗೆ ಬಂದು, ಚಿಪ್ಪಿಗೆ ಬಂದು, ಚಂದ್ರನ ಮೇಲೆ ಇಳಿದು ಬಂದರೂ ಗಿಟಾರಿನವರು ಮಾತ್ರ ವಾಲ್ವ್ ಬಿಟ್ಟು ಕದಲಿಲ್ಲ. ಮಿತಿ ಮೀರಿ ದುಡಿಸಿದಾಗ ವಾಲ್ವಿನ ದನಿ ಒಡೆಯುವ ಪರಿ ಕಿವಿಗೆ ಮೆತ್ತಗೆ ಎನ್ನುತ್ತಾರೆ, ಅದು ನಿಜವೇ. ಇಂಗ್ಲೆಂಡಿನ ವಾಕ್ಸ್ ಎಸಿ30 ಆಂಪ್ಲಿಫೈಯರಿನಲ್ಲಿ ಇಎಲ್84 ಅನ್ನುವ ವಾಲ್ವ್ ನಾಲ್ಕಿರುತ್ತವೆ. ಬ್ಲ್ಯಾಕ್‌ಬರ್ನ್ ಊರಿನ ಮಲ್ಲಾರ್ಡ್ ಕಾರ್ಖಾನೆಯ ಹಳೇ ಸರಕಾದರೆ ಅದಕ್ಕೆ ಬಂಗಾರದ ಬೆಲೆ. ಅದಿಲ್ಲದವರು ಹುಡುಕಿ ತರಿಸುವ ಮಾಲುಗಳಲ್ಲಿ ಒಂದು ಎಲ್ಲಿಯದು ಹೇಳಿ ನೋಡೋಣ. ಜಾಲಹಳ್ಳಿಯದು! 1954ರಲ್ಲಿ ಹುಟ್ಟಿದ ನಮ್ಮ ಬಿಇಎಲ್, ರಾಡಾರಿಗೆ ಹೆಸರಾಗುವ ಜೊತೆಗೆ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೋ ವಾಲ್ವ್‌ಗಳನ್ನೂ ಮಾಡುತ್ತಿತ್ತು. ದೇಶದ ರೇಡಿಯೋಗಳಲ್ಲಿ ವಾರ್ತೆ, ಚಿತ್ರಗೀತೆ ನುಡಿಸಿದ ಆ ಗಾಜಿನ ಬುರುಡೆಗಳನ್ನು ಯುರೋಪು, ಅಮೆರಿಕದ ಗಿಟಾರಿನವರು ಈಗ ಪೆಟ್ಟಿಗೆಯ ಮೇಲಿನ ಅಕ್ಷರ ಅಳಿಯದಂತೆ ಜೋಪಾನವಾಗಿ ತರಿಸಿಕೊಳ್ಳುತ್ತಾರೆ. ಎಸ್.ಪಿ. ರಸ್ತೆಯ ಅಂಗಡಿಗಳ ಹಿಂಬದಿಯಲ್ಲಿ ಇನ್ನೂ ಒಂದಿಷ್ಟು ಉಳಿದಿರಬಹುದೆಂದು ಅಳಿಯ ಶನಿವಾರ ಹೊರಟರೆ ಊಟಕ್ಕೆ ಬರುವುದಿಲ್ಲ.

ಅಟ್ಟದ ಮೇಲೆ ತಾತನ ರೇಡಿಯೋ ಇಟ್ಟುಕೊಂಡವರು ಮನೆಗೆ ಗಿಟಾರ್ ಹಿಡಿದ ನೆಂಟರು ಬಂದಾಗ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು.

ಮರದ ವಿಷಯದಲ್ಲೂ ನಮಗೊಂದು ಪಾಲು ಇದೆ. ಹಳೇ ಗಿಟಾರುಗಳ ಕತ್ತಿನ ಮೇಲೆ, ಬೆರಳು ಓಡಾಡುವ ಜಾಗದಲ್ಲಿ, ಬ್ರೆಜಿಲ್ ದೇಶದ ಬೀಟೆಯ ಪಟ್ಟಿ. ಅರವತ್ತರ ದಶಕದಲ್ಲಿ ಅದು ಸಿಗುವುದು ಕಷ್ಟವಾದಂತೆ ಅಮೆರಿಕದವರು ನಮ್ಮ ಘಟ್ಟದ ಬೀಟೆಯ ಕಡೆ ತಿರುಗಿದರು. ಮಾರ್ಟಿನ್ ಕಂಪನಿ 1969ರಲ್ಲಿ ಪೂರ್ತಿ ಇತ್ತ ವಾಲಿತು. ಕೊಡಗಿನಲ್ಲೋ ಚಿಕ್ಕಮಗಳೂರಲ್ಲೋ ಕಾಫಿ ತೋಟದ ಯಜಮಾನ ತನ್ನ ಬೇಲಿಯೊಳಗೇ ನಿಂತ ಬೀಟೆಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೊಡಲಿ ತಾಗಿಸುವಂತಿಲ್ಲ. ಅದೇ ಬೀಟೆ ನ್ಯಾಶ್ವಿಲ್ಲಿನಲ್ಲಿ ಯಾವನದೋ ಬೆರಳ ಕೆಳಗೆ ಆರಾಮಾಗಿ ಮಲಗಿದೆ. ಅದಕ್ಕೂ ನೆಮ್ಮದಿ ಬಹಳ ದಿನ ಇರಲಿಲ್ಲ. 2017ರಲ್ಲಿ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದವರು ಬೀಟೆ ಕುಲದ ಎಲ್ಲ ಮರಗಳನ್ನೂ ಪಟ್ಟಿಗೆ ಸೇರಿಸಿದಾಗ ಗಿಟಾರ್ ವ್ಯಾಪಾರಿಗಳು ಪರವಾನಗಿ ಕಾಗದಕ್ಕೆ ಅಲೆದಾಡಿದರು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಬೀಟೆಗೆ ಮಾತ್ರ ಆ ಭಾಗ್ಯ ಇಲ್ಲ. ಹಾಗಾಗಿ ಕೋಟಿ ಬಾಳುವ 1959ರ ಗಿಟಾರು ಗಡಿ ದಾಟಬೇಕಾದರೆ ಅದರ ಕತ್ತಿನ ಪಟ್ಟಿಗೆ ಕಾಗದಪತ್ರ ಬೇಕು.

ಗೀರಿನ ವಿಷಯಕ್ಕೆ ಬರುತ್ತೇನೆ. ಐರ್ಲೆಂಡಿನ ರೋರಿ ಗ್ಯಾಲಹರ್ 1963ರಲ್ಲಿ ಕಾರ್ಕ್ ಊರಿನ ಅಂಗಡಿಯಿಂದ 100 ಪೌಂಡಿಗೆ ಒಂದು ಸೆಕೆಂಡ್‌ಹ್ಯಾಂಡ್ ಸ್ಟ್ರಾಟೋಕಾಸ್ಟರ್ ಕೊಂಡ. ಆಗವನು ಹದಿನೈದರ ಪೋರ. ಬೆವರಿ ಬೆವರಿ ಅದರ ಬಣ್ಣವನ್ನೆಲ್ಲ ಕರಗಿಸಿದ. ನಡುವೆ ಒಮ್ಮೆ ಕಳುವಾಗಿ, ಹೊರಗೆ ಬಿದ್ದು ಮಳೆ ತಿಂದು ವಾಪಸು ಬಂತು. ನೋಡಿದರೆ ಒಲೆಗೆ ಹಾಕಲು ತಂದಿಟ್ಟ ಸೀಳಿನ ಹಾಗೆ ಕಾಣುವ ಅದು 2024ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 8,89,400 ಪೌಂಡಿಗೆ ಹೋಗಿ, ಐರ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯ ಸೇರಿತು. ಇದಕ್ಕೆ ನನ್ನ ತಕರಾರಿಲ್ಲ. ಒಬ್ಬ ಮನುಷ್ಯ ಜೀವಮಾನವೆಲ್ಲ ಒಂದೇ ವಾದ್ಯ ಹಿಡಿದು ನುಡಿಸಿದ, ಅದು ಸವೆಯಿತು. ಹಾಗೆ ಸವೆಸುವುದಕ್ಕೆ ಪುರುಸೊತ್ತಿಲ್ಲದವರಿಗಾಗಿ ಕಂಪನಿಗಳು ಮಾಡಿಕೊಟ್ಟ ಏರ್ಪಾಡು ಇದೆಯಲ್ಲ, ಅದನ್ನು ನೆನೆದರೆ ನಗು ತಡೆಯುವುದಿಲ್ಲ.

ಫೆಂಡರ್ ಕಂಪನಿ 1995ರಲ್ಲಿ ‘ರೆಲಿಕ್’ ಅನ್ನುವ ಹೊಸ ಸಾಲನ್ನು ತಂದಿತು. ಹೊಚ್ಚಹೊಸ ಗಿಟಾರು. ಬಣ್ಣ ಬಳಿಯುತ್ತಾರೆ, ಹೊಳಪು ಕೊಡುತ್ತಾರೆ. ಆಮೇಲೆ ಉಜ್ಜುಕಾಗದ ಹಿಡಿದು ಕೆರೆಯುತ್ತಾರೆ, ಅಂಚಿಗೆ ಕುಟ್ಟುತ್ತಾರೆ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತಾರೆ. ಇದಕ್ಕೆಂದೇ ಸಂಬಳದ ಮೇಲೆ ಆಳುಗಳಿದ್ದಾರೆ! ಇಷ್ಟೇ ಗಾಯ ಸಾಕು, ಇನ್ನಷ್ಟು ಬೇಕು, ಅಥವಾ ಪೂರಾ ಜಜ್ಜಿಕೊಡಿ ಅಂತ ದರ್ಜೆಗಳಿವೆ. ಗಾಯ ಹೆಚ್ಚಿದಷ್ಟೂ ಬಿಲ್ಲು ಹೆಚ್ಚು. ಹೊಸ ಸ್ಕೂಟರಿಗೆ ಮೊದಲ ಗೀರು ಬಿದ್ದ ದಿನ ಊಟ ಬಿಟ್ಟ ನಮ್ಮಳಿಯ ಇದಕ್ಕೆ ಸಾಲ ಮಾಡಲು ತಯಾರು.

ಕ್ಲ್ಯಾಪ್ಟನ್ನರ ಬ್ಲ್ಯಾಕಿ ಗಿಟಾರಿನದು ಇದೇ ಧಾಟಿಯ ಮುಂದಿನ ಅಧ್ಯಾಯ. 1970ರಲ್ಲಿ ನ್ಯಾಶ್ವಿಲ್ಲಿನ ಅಂಗಡಿಯೊಂದರಲ್ಲಿ ಹಳೇ ಸ್ಟ್ರಾಟೋಕಾಸ್ಟರುಗಳನ್ನು ಕೇಳುವವರಿರಲಿಲ್ಲ. ಕ್ಲ್ಯಾಪ್ಟನ್ ತಲಾ ನೂರು ಡಾಲರಿನ ಹಾಗೆ ಆರು ಹೊತ್ತು ತಂದರು. ಮೂರನ್ನು ಜಾರ್ಜ್ ಹ್ಯಾರಿಸನ್, ಪೀಟ್ ಟೌನ್ಸೆಂಡ್, ಸ್ಟೀವ್ ವಿನ್‌ವುಡ್‌ಗೆ ಹಂಚಿ, ಉಳಿದ ಮೂರರ ಒಳ್ಳೊಳ್ಳೆಯ ಭಾಗ ಸೇರಿಸಿ ಒಂದು ಮಾಡಿಕೊಂಡರು. 2004ರಲ್ಲಿ ಅದು 9,59,500 ಡಾಲರಿಗೆ ಹೋಯಿತು. ದುಡ್ಡು ಅವರೇ ಆಂಟಿಗುವಾದಲ್ಲಿ ಕಟ್ಟಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ. 2006ರಲ್ಲಿ ಫೆಂಡರ್ ಅದರ 275 ನಕಲು ಮಾಡಿತು, ಒಂದೊಂದಕ್ಕೂ 20,000 ಡಾಲರಿನ ಮೇಲೆ. ಕ್ಲ್ಯಾಪ್ಟನ್ ಸಿಗರೇಟನ್ನು ಗಿಟಾರಿನ ತಲೆಗೆ ಸಿಕ್ಕಿಸಿ ನುಡಿಸುತ್ತಿದ್ದರು, ಅಲ್ಲೊಂದು ಸುಟ್ಟ ಕಲೆ. ಆ ಕಲೆಯನ್ನೂ ಬಿಡದೆ ನಕಲಿಸಿದ್ದರು. ಸಿಗರೇಟು ಬಿಟ್ಟ ಭಕ್ತರಿಗೂ ಕಲೆ ದಕ್ಕಿತು.

ಹರಾಜಿನ ದೊಡ್ಡ ಹಬ್ಬ ಮಾತ್ರ 2019ರ ಜೂನ್ 20ರಂದು ನ್ಯೂಯಾರ್ಕಿನಲ್ಲಿ ಆದದ್ದು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ 120ಕ್ಕೂ ಮಿಕ್ಕಿದ ಗಿಟಾರುಗಳನ್ನು ಒಂದೇ ದಿನ ಹೊರಡಿಸಿಬಿಟ್ಟರು. 0001 ನಂಬರಿನ 1954ರ ಬಿಳಿ ಸ್ಟ್ರಾಟೋಕಾಸ್ಟರ್ 18,15,000 ಡಾಲರಿಗೆ ಹೋಯಿತು. ನಂಬರು ಒಂದಾದರೂ ಅದು ಫೆಂಡರ್ ಮಾಡಿದ ಮೊದಲನೆಯದಲ್ಲ, ಕೊಂಡವರಿಗೂ ಅದು ಗೊತ್ತಿತ್ತು. ಎಲ್ಲರ ಕಣ್ಣಿದ್ದದ್ದು ಬ್ಲ್ಯಾಕ್ ಸ್ಟ್ರಾಟ್ ಮೇಲೆ. 1970ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ತಂಡದ ಸಾಮಾನು ಲಾರಿ ಸಮೇತ ಕಳುವಾದ ಮೇಲೆ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಕೊಂಡದ್ದು. ಗಿಲ್ಮೋರ್ ಅದಕ್ಕೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಕತ್ತನ್ನು ಮತ್ತೆ ಮತ್ತೆ ಬದಲಾಯಿಸಿದರು. ಒಡಲಿನ ಮೇಲಿನ ಬಿಳಿ ಪ್ಲಾಸ್ಟಿಕ್ ಫಲಕ ತೆಗೆದು ಕರಿದು ಹಾಕಿದರು. ಮೈಕಿನ ವೈರು ಸಿಕ್ಕಿಸಲು ತೂತು ಕೊರೆದರು, ಮನಸ್ಸು ಬದಲಾಯಿತು, ಮುಚ್ಚಿದರು. ದನಿ ಅಲುಗಿಸುವ ಬೇರೆ ಬಗೆಯ ಟ್ರೆಮೊಲೋ ಕೂರಿಸಲು ಇನ್ನಷ್ಟು ಮರ ಕೆತ್ತಿದರು, ಅದನ್ನೂ ಮುಚ್ಚಿದರು. ಆಮೇಲೆ ಬೇಸರ ಬಂದು ಡಲ್ಲಾಸಿನ ಹಾರ್ಡ್ ರಾಕ್ ಕೆಫೆಯ ಗೋಡೆಗೆ ಕೊಟ್ಟರು. ವರ್ಷಗಟ್ಟಲೆ ಬರ್ಗರ್ ಹೊಗೆ ಕುಡಿದು 1997ರಲ್ಲಿ ವಾಪಸು ಬಂತು. ಇಂಥ ಗಿಟಾರಿಗೆ ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಆಗಿನ ಯಜಮಾನ ಜಿಮ್ ಇರ್ಸೆ ಕೊಟ್ಟದ್ದು 39,75,000 ಡಾಲರ್. ಒಟ್ಟು ಹರಾಜು ಮುಟ್ಟಿದ್ದು 2 ಕೋಟಿ 14 ಲಕ್ಷ ಡಾಲರಿನ ಮೇಲೆ. ಗಿಲ್ಮೋರ್ ಆ ಪೂರಾ ಗಂಟನ್ನು ಹವಾಮಾನ ಬದಲಾವಣೆಯ ವಿರುದ್ಧ ಕಾನೂನು ಹೋರಾಟ ನಡೆಸುವ ಕ್ಲೈಂಟ್ಅರ್ತ್ ಸಂಸ್ಥೆಗೆ ಕೊಟ್ಟು ಕೈತೊಳೆದುಕೊಂಡರು.

ಹಾಗಾದರೆ ಮುಂದೆ ಆತ ನುಡಿಸಿದ್ದೇನು? ಫೆಂಡರ್‌ನವರು 2008ರಲ್ಲೇ ಅದೇ ಬ್ಲ್ಯಾಕ್ ಸ್ಟ್ರಾಟಿನ ನಕಲನ್ನು ಅಂಗಡಿಗೆ ಬಿಟ್ಟಿದ್ದರು, ಯಾರು ಬೇಕಾದರೂ ಕೊಳ್ಳಬಹುದಿತ್ತು. ಅಸಲಿ ಮಾರಿದ ಗಿಲ್ಮೋರ್ ಅಂಥ ಒಂದು ನಕಲನ್ನೇ ಹಿಡಿದುಕೊಂಡು 2024ರ ಪ್ರವಾಸಕ್ಕೆ ಹೊರಟರು. ಅದರ ಮೈಮೇಲೆ ಬೆಕ್ಕಿನ ಸ್ಟಿಕ್ಕರ್ ಅಂಟಿಸಿದ್ದಾರೆ, ಗಿಟಾರಿಗೆ ‘ಬ್ಲ್ಯಾಕ್ ಕ್ಯಾಟ್ ಸ್ಟ್ರಾಟ್’ ಅಂತಲೇ ಹೆಸರು. ದನಿ? ಅದೇ ಗಿಲ್ಮೋರ್ ದನಿ. ಕಣ್ಣು ಮುಚ್ಚಿಕೊಂಡು ಕೇಳಿದರೆ ನಲವತ್ತು ಲಕ್ಷ ಡಾಲರು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗದು.

ಇದನ್ನೆಲ್ಲ ಅಳಿಯನನ್ನು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದೆ. ಮಧ್ಯೆ ಒಂದು ಮಾತೂ ಆಡದೆ, ಫೋನೂ ಮುಟ್ಟದೆ ಕೇಳಿದ. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದ:

“ಮಾವ, ಆ ಬೆಕ್ಕಿನ ಸ್ಟಿಕ್ಕರ್ ಎಲ್ಲಿ ಸಿಗುತ್ತೆ?”